ಅಟ್ಟದ ಮೇಲಿನ ಹಿತ್ತಾಳೆ ಚಾಕುವಿಗೆ ಹೆಸರು ಸಿಕ್ಕಿತು

ಮಾನ್ಯರೇ,

ಹಳೇ ಮನೆ ಕೆಡವುವವರು, ಅಟ್ಟ ಖಾಲಿ ಮಾಡುವವರು, ಹಬ್ಬಕ್ಕೆ ಮುಂಚೆ ಹಿತ್ತಾಳೆ ಸಾಮಾನು ಗುಡ್ಡೆ ಹಾಕಿಕೊಂಡು ಉಜ್ಜುವವರು, ಇವರೆಲ್ಲ ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗಾಗಿಯೇ ಈ ಕಾಗದ. ಒಂದು ಚಾಕುವಿನ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಆದರೂ ಆದಷ್ಟು ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಚಿಂತಾಮಣಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಮೋಟರಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಶಿಡ್ಲಘಟ್ಟದ ಕಡೆಯಿಂದ ಬರುವ ರೀಲಿಂಗ್ ಮೆಷಿನ್ನಿನ ಬುಷ್ಷು, ಇದೇ ನನ್ನ ಕೆಲಸ. ಸವೆದ ಕಬ್ಬಿಣ ಕೈಗೆ ಬಂದರೆ ಅದು ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಅಂತ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಅಂಥಾ ನನಗೇ ಈ ಚಾಕು ಏಳೆಂಟು ತಿಂಗಳು ಗೊತ್ತಾಗಲಿಲ್ಲ.

ಆಂಧ್ರದ ಗಡಿ ಕಡೆಗಿರುವ ನಮ್ಮಮ್ಮನ ತವರು ಮನೆ ಬೀಳುವ ಹಾಗಾಗಿತ್ತು. ಮಾವನವರು ಕೆಡವಿ ಹೊಸದು ಕಟ್ಟಿಸಲು ಹೊರಟರು. ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ಒಂದು ಮುರಿದ ಅಡಕತ್ತರಿ, ದೀಪದ ಕಂಬದ ಬುಡ, ಎತ್ತಿನ ಕೊರಳ ಗಂಟೆ ಎರಡು, ಮತ್ತೆ ಈ ಚಾಕು. ಗುಜರಿಯವನು ಬಾಗಿಲಲ್ಲೇ ತಕ್ಕಡಿ ಹಿಡಿದು ನಿಂತಿದ್ದ. ಹಿತ್ತಾಳೆ ತೂಕಕ್ಕೆ ಹೋಗಬೇಕಾಗಿದ್ದದ್ದು, ಹಿಡಿ ಚೆನ್ನಾಗಿದೆ ಅಂತ ನಾನು ಜೇಬಿಗೆ ಹಾಕಿಕೊಂಡೆ.

ಮಡಚಿದರೆ ಅಂಗೈಗೆ ಸ್ವಲ್ಪ ಜಾಸ್ತಿ, ಸರಿಯಾಗಿ ಐದೂವರೆ ಇಂಚು. ಹಿಡಿ ಪೂರ್ತಿ ಹಿತ್ತಾಳೆ, ಆರು ಮುಖದ್ದು, ಎರಡೂ ತುದಿಯಲ್ಲಿ ಸೀಳು. ಒಂದು ಸೀಳಿನಿಂದ ಎರಡು ಇಂಚಿನ ಪುಟ್ಟ ಅಲಗು ಆಚೆ ಬರುತ್ತದೆ. ಬಾಯಿ ನೆಟ್ಟಗೆ, ಬೆನ್ನು ಮಾತ್ರ ತುದಿಗೆ ಬಂದ ಹಾಗೆ ಬಾಗಿದೆ. ಇನ್ನೊಂದು ಸೀಳಿನಿಂದ ಕಬ್ಬಿಣದ ಮೊಳೆಯಂಥದ್ದು ಬರುತ್ತದೆ, ದುಂಡಗೆ, ತುದಿಗೆ ಹೋದ ಹಾಗೆ ಸಣ್ಣಗೆ. ಎರಡನ್ನೂ ಬಿಚ್ಚಿದರೆ ಒಂದು ಗೇಣು ದಾಟುತ್ತದೆ. ಅಲಗು ಒಂದು ಕಡೆ, ಮೊಳೆ ಒಂದು ಕಡೆ. ಇಂಥದ್ದನ್ನು ಯಾವ ಕೆಲಸಕ್ಕೆ ಅಂತ ಹಿಡಿಯುವುದು?

ಇಲ್ಲಿ ನಮ್ಮ ಮನೆಯ ತಪ್ಪೊಂದನ್ನು ಹೇಳಲೇಬೇಕು. ನಾನು ಮನೆಗೆ ತಂದಿಟ್ಟ ಮಾರನೇ ದಿನವೇ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದರು. ಪಾಪ, ಪ್ರೀತಿಯಿಂದಲೇ ಮಾಡಿದ್ದು. ಫಳಫಳ ಹೊಳೆಯುತ್ತಿತ್ತು. ಮುಂಚೆ ಹಿಡಿಯ ಮೇಲೆಲ್ಲ ಒಂದು ಥರ ಎಣ್ಣೆಗಪ್ಪು ಇತ್ತು, ಅದೆಲ್ಲ ಹೋಗಿತ್ತು. ಹೊಲಸು ಹೋಯಿತು ಅಂತಲೇ ನಾನೂ ಅಂದುಕೊಂಡೆ. ಮೊಳೆ ಮಡಚಿಕೊಳ್ಳುವ ಸೀಳಿನ ಒಳಗಡೆ ಮಾತ್ರ ಹುಣಸೆಹಣ್ಣು ತಲುಪಿರಲಿಲ್ಲ. ಅಲ್ಲಿ ಆ ಕಪ್ಪು ಹಾಗೇ ಉಳಿದಿತ್ತು.

ಆಮೇಲೆ ಶುರುವಾಯಿತು ನೋಡಿ ಊಹೆಗಳು. ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಹಿಂದೆ ಈಚಲು ಮರ ಕಟ್ಟಿ ಹೆಂಡ ಇಳಿಸುತ್ತಿದ್ದ ಹಿರಿಯರೊಬ್ಬರು ಕೈಯಲ್ಲಿ ಹಿಡಿದ ತಕ್ಷಣ ತಲೆ ಆಡಿಸಿದರು. ಮರ ಕೆರೆಯುವ ಕತ್ತಿ ಅಗಲವಾಗಿರಬೇಕಪ್ಪಾ, ತೆಳ್ಳಗಿರಬೇಕು, ದಿನಾ ಮಸೆದು ಮಸೆದು ಗಡ್ಡ ಬೋಳಿಸುವಷ್ಟು ಹರಿತ ಇರಬೇಕು, ಇದರಲ್ಲಿ ಗರಿಯ ಬುಡ ಕೂಡ ಸೀಳಲ್ಲ ಅಂದರು. ಚಪ್ಪಲಿ ಹೊಲಿಯುವವರು ತಮ್ಮ ರಂಪಿಗೆ ತೆಗೆದು ಪಕ್ಕದಲ್ಲಿಟ್ಟು ತೋರಿಸಿದರು. ಅರ್ಧಚಂದ್ರದ ಹಾಗಿರುವ ಆ ಅಲಗನ್ನು ತೊಗಲಿನ ಮೇಲೆ ಒತ್ತಿ ತಳ್ಳಬೇಕು, ನಿಮ್ಮದರಲ್ಲಿ ಒತ್ತುವುದಕ್ಕೆ ಜಾಗವೇ ಇಲ್ಲವಲ್ಲ ಅಂದರು. ಎತ್ತಿಗೆ ಲಾಳ ಕಟ್ಟುವವರಿಗೂ ತೋರಿಸಿದೆ. ಎತ್ತಿನ ಗೊರಸು ಎರಡು ಹೋಳು, ಒಂದೊಂದು ಹೋಳಿಗೆ ಒಂದೊಂದು ಲಾಳ, ಲಾಳ ಕೂರಿಸುವ ಮುಂಚೆ ಗೊರಸಿನ ತಳ ಕೆತ್ತಿ ಸಮ ಮಾಡಬೇಕು, ಅದಕ್ಕೆ ಬಲವಾದ ಉಳಿಯೇ ಬೇಕು, ಇದು ಗೊರಸಿಗೆ ತಾಗಿದರೆ ಬಾಗಿಹೋಗುತ್ತದೆ ಅಂದರು.

ಗಮನಿಸಿ, ಇವರು ಮೂವರೂ ಇದು ಯಾವುದು ಅಂತ ಹೇಳಲಿಲ್ಲ. ತಮ್ಮದಲ್ಲ ಅಂತ ಮಾತ್ರ ಹೇಳಿದರು, ಯಾಕಲ್ಲ ಅಂತ ಕಾರಣ ಕೊಟ್ಟರು. ನನ್ನ ಲೆಕ್ಕದಲ್ಲಿ ಅದು ದೊಡ್ಡ ಸಹಾಯ. ಒಂದು ಸಾಮಾನು ಏನಲ್ಲ ಅಂತ ಗೊತ್ತಾಗುತ್ತಾ ಹೋದರೆ ಏನು ಅನ್ನುವುದು ಹತ್ತಿರ ಬರುತ್ತದೆ.

ಬೇಸರವಾಗಿದ್ದು ಇನ್ನೊಬ್ಬರಿಂದ. ಹಳೇ ಸಾಮಾನು ಕೊಂಡು ಬೆಂಗಳೂರಿನಲ್ಲಿ ಮಾರುವವರೊಬ್ಬರು ಫೋಟೋ ನೋಡಿದ ಕೂಡಲೇ ಇದು ಗುಪ್ತ ಆಯುಧ, ಪಾಳೇಗಾರರ ಕಾಲದ್ದು, ಮೊಳೆ ಇರುವುದು ತಿವಿಯುವುದಕ್ಕೆ ಅಂದರು. ಒಂದು ಮೊತ್ತವನ್ನೂ ಹೇಳಿದರು. ನನ್ನ ಭಾವಮೈದ ಖುಷಿಯಾಗಿ ಹಾಗೇ ನಂಬಿದ. ಈ ಚಾಳಿ ಎಲ್ಲೆಡೆ ಇದೆ ಅಲ್ವಾ? ಹಳೇ ಅಲಗು ಸಿಕ್ಕಿದರೆ ಸಾಕು, ಯಾರೋ ಯಾರನ್ನೋ ಚುಚ್ಚಿದರು ಅನ್ನುವ ಕಥೆ. ನಮ್ಮ ಮನೆಗಳಲ್ಲಿದ್ದ ಕತ್ತಿ, ಚೂರಿ, ಕುಡುಗೋಲುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸೊಪ್ಪು ಕೊಯ್ದವು, ಹಗ್ಗ ಕೊಯ್ದವು, ಹಗಲೆಲ್ಲ ದುಡಿದವು. ಅವಕ್ಕೆ ರಕ್ತದ ಕಥೆ ಕಟ್ಟುವುದು ಅವುಗಳಿಗೆ ಮಾಡುವ ಅವಮಾನ ಅಂತಲೇ ನನಗೆ ಅನಿಸುತ್ತದೆ. ಅದೂ ಅಲ್ಲದೆ, ತಿವಿಯುವ ಮೊಳೆಯಾಗಿದ್ದರೆ ತುದಿ ಸೂಜಿಯ ಹಾಗಿರಬೇಕಿತ್ತು. ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ತುದಿ ಹರಿತವಾಗಿದೆ ನಿಜ, ಆದರೆ ಕೊನೆಯಲ್ಲಿ ಒಂದು ಚೂರು ದುಂಡಗಿದೆ, ಬಾಲ್ ಪೆನ್ನಿನ ಮೂತಿಯ ಹಾಗೆ ನುಣ್ಣಗೆ ಸವೆದಿದೆ. ಚುಚ್ಚಿ ಚುಚ್ಚಿ ಸವೆದದ್ದಲ್ಲ ಅದು, ಉಜ್ಜಿ ಉಜ್ಜಿ ಸವೆದದ್ದು. ಮೊಳೆಯ ಕುತ್ತಿಗೆಯ ಹತ್ತಿರ, ಹಿಡಿ ಮುಗಿಯುವ ಜಾಗದಲ್ಲಿ, ಒಂದೇ ಪಕ್ಕಕ್ಕೆ ಒಂದು ತಗ್ಗು ಇದೆ. ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಟ್ಟರೆ ಗೊತ್ತಾಗುತ್ತದೆ. ಹಿತ್ತಾಳೆಯಲ್ಲಿ ಬೆರಳಿನಿಂದ ತಗ್ಗು ಬೀಳಬೇಕಾದರೆ ಎಷ್ಟು ವರ್ಷ ಹಿಡಿದಿರಬೇಕು ಯೋಚನೆ ಮಾಡಿ.

ಬರೆಯುವ ಸಾಮಾನು ಇರಬಹುದಾ ಅಂತ ಮೊದಲು ಕೇಳಿದವರು ನಿವೃತ್ತ ಮೇಷ್ಟ್ರು ಒಬ್ಬರು. ಶಾನುಭೋಗರ ಮನೆಯದಾ ಅಂತ ಕೇಳಿದರು. ಹೌದು, ಅಮ್ಮನ ತಾತನವರ ಅಣ್ಣನ ಕಡೆ ಶಾನುಭೋಗಿಕೆ ಇತ್ತು, 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋಗುವ ತನಕ. ಆದರೆ ಶಾನುಭೋಗರು ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿಟ್ಟುಕೊಂಡು ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಅದಕ್ಕೆ ಕಬ್ಬಿಣದ ಮೊಳೆ ಯಾಕೆ ಬೇಕು, ಅಲಗು ಯಾಕೆ ಬೇಕು? ಆ ದಾರಿ ಅಲ್ಲಿಗೇ ನಿಂತಿತು. ಮೇಷ್ಟ್ರು ಎಷ್ಟು ಹತ್ತಿರ ಬಂದಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಹೇಳಿದ್ದು ನಮ್ಮ ಚಿಕ್ಕಜ್ಜಿ, ಅಂದರೆ ಅಮ್ಮನ ತಾಯಿಯ ತಂಗಿ. ಬಾಗೇಪಲ್ಲಿ ಕಡೆ ಇದ್ದಾರೆ, ತೊಂಬತ್ತು ದಾಟಿದೆ, ಮನೆಮಾತು ತೆಲುಗು. ಒಂದು ಮದುವೆಗೆ ಹೋದಾಗ ನೋಡಿ ಬರೋಣ ಅಂತ ಅವರ ಮನೆಗೆ ಹೋಗಿದ್ದೆವು. ಸುಮ್ನೆ ತೋರಿಸೋಣ ಅಂತ ಚಾಕು ಕೈಗಿಟ್ಟೆ. ಕಣ್ಣು ಅಷ್ಟಾಗಿ ಕಾಣುವುದಿಲ್ಲ ಅವರಿಗೆ. ಬೆರಳಲ್ಲೇ ತಡವಿದರು, ಮೊಳೆ ಬಿಚ್ಚಿದರು, ಅಲಗು ಬಿಚ್ಚಲಿಲ್ಲ. "ಇದಿ ತಾತಗಾರಿ ಗಂಟಮು ರಾ" ಅಂದರು. ಆಮೇಲೆ ನಾವು ಯಾರೂ ಕೇಳದೇ ಎಡಗೈಯನ್ನು ಎದೆ ಹತ್ತಿರ ತಂದು ಏನೋ ಉದ್ದನೆಯದನ್ನು ಹಿಡಿದುಕೊಂಡವರ ಹಾಗೆ ಮಡಚಿದರು, ಬಲಮುಷ್ಟಿಯಲ್ಲಿ ಹಿಡಿಯನ್ನು ನಿಲ್ಲಿಸಿಕೊಂಡರು, ಎಡಗೈ ಹೆಬ್ಬೆರಳು ತಂದು ಮೊಳೆಯ ಕುತ್ತಿಗೆಗೆ ಆನಿಸಿದರು. ಆ ಹೆಬ್ಬೆರಳು ಸರಿಯಾಗಿ ಆ ತಗ್ಗಿನೊಳಗೆ ಕೂತಿತು. ನನಗೆ ಮೈ ಜುಮ್ಮೆಂದಿತು.

ತೆಲುಗಿನ ಗಂಟಮು ಅಂದರೆ ನಮ್ಮ ಕನ್ನಡದ ಕಂಟ. ಓಲೆಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಲೇಖನಿ. ಬರೀ ಕಡ್ಡಿಯಂಥ ಕಂಟಗಳೂ ಇದ್ದವು. ಹೀಗೆ ಅಲಗಿನ ಜೊತೆ ಸೇರಿಸಿ ಮಡಚುವ ಹಾಗೆ ಮಾಡಿದ್ದೂ ದಕ್ಷಿಣದಲ್ಲೆಲ್ಲ ಬಳಕೆಯಲ್ಲಿತ್ತು, ತಮಿಳಿನಲ್ಲಿ ಅದಕ್ಕೆ ಎಳುತ್ತಾಣಿ ಅನ್ನುತ್ತಾರೆ. ಮೊಳೆ ಬರೆಯುವುದಕ್ಕೆ, ಅಲಗು ಗರಿಯನ್ನು ಅಳತೆಗೆ ಕೊಯ್ದು ಅಂಚು ಸಮ ಮಾಡುವುದಕ್ಕೆ. ಆ ಕಾಲದ ಪೆನ್ನು ಮತ್ತು ಪೇಪರ್ ಕಟರ್ ಎರಡೂ ಒಂದೇ ಹಿಡಿಯಲ್ಲಿ. ಊರೂರು ಸುತ್ತಿ ಬರೆದುಕೊಡುವವರಿಗೆ ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗುವುದಕ್ಕೆ ಅನುಕೂಲ. ನಾನು ಆಗಲೇ ಹೇಳಿದ ಆ ಎಣ್ಣೆಗಪ್ಪಿಗೂ ಉತ್ತರ ಸಿಕ್ಕಿತು. ಕಂಟದಲ್ಲಿ ಬರೆದದ್ದು ಬರೀ ಗೀರು, ಬಣ್ಣವಿಲ್ಲ. ಬರೆದು ಮುಗಿಸಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲೆಸಿ ಗರಿಯ ಮೇಲೆಲ್ಲ ಸವರಿ ಒರೆಸುತ್ತಾರೆ. ಮೇಲಿನದು ಹೋಗುತ್ತದೆ, ಗೀರಿನೊಳಗಿನ ಕಪ್ಪು ಉಳಿಯುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಅದೇ ಕೈಯಲ್ಲಿ ಹಿಡಿದ ಹಿಡಿಗೆ ಕಾಡಿಗೆ ಮೆತ್ತದೇ ಇರುತ್ತಾ? ನಾವು ಹೊಲಸು ಅಂತ ತೊಳೆದದ್ದು ಬರೆಯುವವರ ಕೈಯ ಮಸಿ.

ಚಿಕ್ಕಜ್ಜಿ ಇನ್ನೊಂದು ಮಾತು ಹೇಳಿದರು. ಗಂಟಮು ಇಲ್ಲಿದೆ, ತಾಟಾಕು ಎಲ್ಲಿ ಅಂತ. ತಾಟಾಕು ಅಂದರೆ ತಾಳೆಗರಿ. ಮಾವನಿಗೆ ಫೋನ್ ಮಾಡಿದರೆ ದೇವರ ಮನೆಯಲ್ಲಿ ಕೆಂಪು ಬಟ್ಟೆಯ ಗಂಟೊಂದು ಇದೆ, ಹಬ್ಬಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ, ನಾನು ಹುಟ್ಟಿದ ಮೇಲೆ ಯಾರೂ ಬಿಚ್ಚಿಲ್ಲ ಅಂದರು. ಬಿಚ್ಚಿಸಲು ಎರಡು ವಾರ ಬೇಕಾಯಿತು. ದೇವರ ಗಂಟು ಬಿಚ್ಚಬಾರದು ಅಂತ ಅತ್ತೆಯವರಿಗೆ ಭಯ, ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಆ ಭಯದಿಂದಲೇ ಅದು ಇಷ್ಟು ದಿನ ಉಳಿದದ್ದು. ಕೊನೆಗೆ ಮಾವನವರೇ ಕೈಮುಗಿದು ಬಿಚ್ಚಿದರು. ಎರಡು ಮರದ ಹಲಗೆ, ಮಧ್ಯೆ ನಲವತ್ತೊಂದು ಗರಿ, ತೂತಿನೊಳಗೆ ಪೋಣಿಸಿದ ದಾರ. ಮೇಲಿನ ಎರಡು ಗರಿಗೆ ಅರಿಶಿನ ಕುಂಕುಮ ಇಳಿದು ಹುಳು ಹಿಡಿದಿತ್ತು, ಒಳಗಿನವು ಗಟ್ಟಿಯಾಗಿದ್ದವು. ಸೂಕ್ಷ್ಮ ಅಳತೆಗೆ ನಾನು ವರ್ನಿಯರ್ ತೆಗೆದುಕೊಂಡು ಹೋಗಿದ್ದೆ. ಅಗಲ ಒಂದೂಕಾಲು ಇಂಚು, ಮೊದಲ ಗರಿಗೂ ಕೊನೆಯ ಗರಿಗೂ ಕೂದಲೆಳೆಯಷ್ಟು ವ್ಯತ್ಯಾಸ. ಕೈಯಲ್ಲಿ ಕೊಯ್ದದ್ದು! ಮೆಷಿನ್ನಿನ ಮೇಲೆ ಕೆಲಸ ಮಾಡುವ ನಾನು ಆ ಕೈಗೆ ನಮಸ್ಕಾರ ಮಾಡಬೇಕು.

ಬರೆದದ್ದು ತೆಲುಗು ಮಾತು. ಹಳೇ ತೆಲುಗು ಕನ್ನಡ ಲಿಪಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ಮೇಷ್ಟ್ರು ನಿಧಾನವಾಗಿ ಓದಿದರು. ಹೆಚ್ಚು ಭಾಗ ದನಕರುಗಳ ನಾಟಿ ಔಷಧಿ. ಹೊಟ್ಟೆ ಉಬ್ಬರಕ್ಕೆ ಏನು ಕುಡಿಸಬೇಕು, ಗೊರಸಿನ ಗಾಯಕ್ಕೆ ಏನು ಅರೆದು ಕಟ್ಟಬೇಕು, ಇಂಥವು.

ನನ್ನ ಮನಸ್ಸು ಅಲ್ಲಿಗೂ ಕೇಳಲಿಲ್ಲ. ಈ ಕಂಟದಲ್ಲಿ ಬರೆಯಬಾರದು, ಅದನ್ನು ಮುಟ್ಟದೇ ಇಡಬೇಕು ಅಂತ ನಿರ್ಧಾರ ಮಾಡಿ, ಅದೇ ಅಳತೆಗೆ ಅಂಗಡಿಯಲ್ಲಿ ಒಂದು ಮೊಳೆ ಮಾಡಿಕೊಂಡೆ. ಎಳೇ ತಾಳೆಗರಿ ತರಿಸಿ, ಮಧ್ಯದ ಕಡ್ಡಿ ತೆಗೆದು, ಅರಿಶಿನ ಹಾಕಿದ ನೀರಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ನುಣ್ಣನೆ ಕಲ್ಲಿನಿಂದ ತಿಕ್ಕಿದೆ. ಮೊದಲು ಮೊಳೆಯ ತುದಿಯನ್ನು ಸಾಣೆ ಹಿಡಿದು ಸೂಜಿ ಮಾಡಿದ್ದೆ, ಗರಿ ಸೀಳಿಹೋಯಿತು. ತುದಿಯನ್ನು ಒಂದು ಚೂರು ದುಂಡಗೆ ಮಾಡಿದ ಮೇಲೆ ಓಡತೊಡಗಿತು. ನಾರು ಹೋಗುವ ದಿಕ್ಕಿಗೆ ನೆಟ್ಟನೆ ಗೆರೆ ಎಳೆದರೆ ಈಗಲೂ ಸೀಳುತ್ತದೆ. 'ಲ', 'ಠ', 'ರ' ಬರೆದು ನೋಡಿ, ಒಂದಿಷ್ಟೂ ಹರಿಯುವುದಿಲ್ಲ, ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತದೆ. ನಮ್ಮ ಅಕ್ಷರಗಳು ದುಂಡಗಿರುವುದಕ್ಕೆ ಓಲೆಗರಿ ಒಂದು ಕಾರಣ ಅಂತ ತಿಳಿದವರು ಹೇಳುವುದನ್ನು ಕೇಳಿದ್ದೆ, ಈಗ ಬೆರಳಿಗೆ ಗೊತ್ತಾಯಿತು. ಇನ್ನೊಂದು, ಬಲಗೈ ಓಡಿಸಿದರೆ ಸಾಲು ಸೊಟ್ಟಗಾಗುತ್ತದೆ. ಕಂಟವನ್ನು ಇದ್ದಲ್ಲೇ ಹಿಡಿದು ಎಡಗೈಯಲ್ಲಿ ಗರಿಯನ್ನು ಸರಿಸಿಕೊಳ್ಳುತ್ತಾ ಹೋಗಬೇಕು, ಎಡಗೈ ಹೆಬ್ಬೆರಳು ಕಂಟಕ್ಕೆ ಆಧಾರ ಕೊಡಬೇಕು. ಮಗಳ ಹೆಸರಿನ ಮೂರಕ್ಷರ ಬರೆಯಲು ಕಾಲು ಗಂಟೆ ಹಿಡಿಯಿತು. ಕಾಡಿಗೆ ಸವರಿ ಒರೆಸಿದಾಗ ಆ ಮೂರಕ್ಷರ ಕಪ್ಪಗೆ ಎದ್ದುನಿಂತವು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಮನೆಯಲ್ಲಿ ಆದದ್ದು ಈ ಮೂರು ಜಿಲ್ಲೆಯ ಎಷ್ಟೋ ಮನೆಯಲ್ಲಿ ದಿನಾ ಆಗುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಳೇ ಮನೆಗಳು ಒಂದರ ಹಿಂದೆ ಒಂದು ಬೀಳುತ್ತಿವೆ. ಓಲೆಗರಿ ಕಂಡರೆ ಜನ ಕೈಮುಗಿಯುತ್ತಾರೆ, ಪಕ್ಕದಲ್ಲಿ ಬಿದ್ದ ಕಂಟವನ್ನು ಮಾತ್ರ ತುಕ್ಕು ಹಿಡಿದ ಚಾಕು ಅಂತ ಗುಜರಿಗೆ ಹಾಕುತ್ತಾರೆ. ಮೈಸೂರಿನಲ್ಲಿ 1905ರಲ್ಲಿ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಓಲೆಗರಿಯದೇ, 1909ರಲ್ಲಿ ಅದು ಅಚ್ಚಾಗಿ ಪ್ರಪಂಚಕ್ಕೆ ಗೊತ್ತಾಯಿತು. ಅದನ್ನು ಬರೆದ ಕೈಯಲ್ಲೂ ಇಂಥದ್ದೇ ಒಂದು ಕಬ್ಬಿಣ ಇತ್ತು. ಶಾಸ್ತ್ರಿಗಳು ಕೆಲಸ ಮಾಡುತ್ತಿದ್ದ, 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯ ವಿದ್ಯಾ ಸಂಸ್ಥೆಯಲ್ಲಿ ಸಾವಿರಾರು ಕಟ್ಟುಗಳಿವೆ, ಹೋದವರು ನೋಡಬಹುದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಅಟ್ಟದಲ್ಲಿ ಗುರುತು ಸಿಗದ ಹತಾರ ಸಿಕ್ಕಿದರೆ ಉಜ್ಜಬೇಡಿ, ಸಾಣೆ ಹಿಡಿಸಬೇಡಿ, ಮೊದಲು ಕೇಳಿ. ಹುಣಸೆಹಣ್ಣು, ಬೂದಿ, ಮರಳು ಕಾಗದ ಯಾವುದೂ ಬೇಡ. ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು, ಕಬ್ಬಿಣಕ್ಕೆ ತುಕ್ಕು ಏರುತ್ತಿದ್ದರೆ ಒಂದು ತೊಟ್ಟು ಎಣ್ಣೆ. ಯಾವುದರ ಪಕ್ಕದಲ್ಲಿ ಸಿಕ್ಕಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ, ನಮ್ಮ ಮನೆಯಲ್ಲಿ ಕಂಟ ಅಟ್ಟಕ್ಕೆ ಗರಿ ದೇವರ ಮನೆಗೆ ಬೇರೆ ಬೇರೆಯಾಗಿದ್ದಕ್ಕೇ ಇಷ್ಟು ತಿಂಗಳು ಹಿಡಿದದ್ದು. ಓಲೆಗರಿ ಸಿಕ್ಕಿದರೆ ನೀರು ತಾಗಿಸಬೇಡಿ, ಅರಿಶಿನ ಕುಂಕುಮವನ್ನು ಬಟ್ಟೆಯ ಮೇಲಿಡಿ, ಗರಿಯ ಮೇಲಲ್ಲ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಗರಿ ಒಣಗಿ ಮುರಿಯುವ ಹಾಗಾಗಿದ್ದರೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ ಕಾಪಾಡುವ ಪದ್ಧತಿ ಇದೆ, ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಮಾರುವ ಯೋಚನೆ ಇದ್ದವರಿಗೂ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಐತಿಹಾಸಿಕ ಮಹತ್ವದ ವಸ್ತುವಿಗೆ 100 ವರ್ಷ, ಹಸ್ತಪ್ರತಿಗಾದರೆ 75 ವರ್ಷ ತುಂಬಿದ್ದರೆ ಅದು ಪುರಾತನ ವಸ್ತುವೇ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕೈಗೆ ಕೊಡಿ. ಫೋಟೋ ತೋರಿಸಬೇಡಿ, ಕೈಗೇ ಕೊಡಿ. ನಮ್ಮ ಚಿಕ್ಕಜ್ಜಿಗೆ ಫೋಟೋ ಕಾಣುತ್ತಿರಲಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ವಾರಕ್ಕೊಂದು ದಿನ ಜಿಲ್ಲಾ ಪುಟದಲ್ಲಿ ಒಂದು ಮೂಲೆ ಬಿಡಿ. ಯಾರ ಮನೆಯಲ್ಲಾದರೂ ಸಿಕ್ಕ ಇಂಥಾ ಒಂದು ಸಾಮಾನಿನ ಚಿತ್ರ, ಅಳತೆ, ಸವೆದ ಜಾಗದ ಹತ್ತಿರದ ಚಿತ್ರ ಇನ್ನೊಂದು, ಇಷ್ಟು ಹಾಕಿದರೆ ಸಾಕು. ಹೆಂಡ ಇಳಿಸಿದವರು, ಲಾಳ ಕಟ್ಟಿದವರು, ಚಪ್ಪಲಿ ಹೊಲಿದವರು, ಕುಲುಮೆ ಊದಿದವರು ಇನ್ನೂ ನಮ್ಮ ಮಧ್ಯೆ ಇದ್ದಾರೆ, ಅವರು ಹೇಳುತ್ತಾರೆ. ಮೊದಲನೆಯದಾಗಿ ಹಾಕಲು ನಮ್ಮ ಟ್ರಂಕಿನಲ್ಲೇ ಇನ್ನೊಂದು ಸಾಮಾನು ಇದೆ, ಅಮ್ಮ ಅದನ್ನು ಉಜ್ಜದೇ ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದಾರೆ. ಚಿತ್ರ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ